ಶನಿವಾರದ ಫೋನ್: ಕುಡಿಯದೆ, ತೂಕ ಇಳಿಸಿಕೊಳ್ಳುತ್ತಾ ಗೆಳೆಯರ ಜೊತೆ ಇರುವುದು ಹೇಗೆ

ಶನಿವಾರ ಸಂಜೆ ಏಳೂವರೆಗೆ ಫೋನ್ ಬರುತ್ತದೆ. "ಎಲ್ಲಿದ್ದೀಯ ಮಗಾ? ಎಲ್ರೂ ಬಂದಾಯ್ತು, ನೀನೊಬ್ನೇ ಬಾಕಿ." ತೂಕ ಇಳಿಸುವ ಬಗ್ಗೆ ನೂರು ಜನ ಹೇಳುತ್ತಾರೆ, ಅನ್ನ ಕಡಿಮೆ ಮಾಡು, ವಾಕಿಂಗ್ ಹೋಗು ಅಂತ. ಕುಡಿತ ಬಿಡು ಅಂತಲೂ ಹೇಳುತ್ತಾರೆ. ಆದರೆ ಈ ಫೋನ್ ಬಂದಾಗ ಏನು ಹೇಳಬೇಕು ಅಂತ ಮಾತ್ರ ಯಾರೂ ಹೇಳಿಕೊಡಲ್ಲ. ನಾನು ಬರೆಯುತ್ತಿರುವುದು ಅದಕ್ಕೇ.

ನಾನು ತುಮಕೂರಿನವನು, ವಯಸ್ಸು 42. ಕುಡಿತ ಬಿಟ್ಟು ಎರಡು ವರ್ಷ ದಾಟಿದೆ, ತೂಕ 96 ಕೆಜಿಯಿಂದ 81ಕ್ಕೆ ಬಂದಿದೆ. ಅದಕ್ಕೂ ಮೊದಲು ಒಂದು ಸಲ ಬಿಡಲು ಹೋಗಿ ಸೋತಿದ್ದೆ. ಆಗ ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ತುಂಬಾ ಜನ ಅದನ್ನೇ ಮಾಡುತ್ತಾರೆ. ಕುಡಿತದ ಜೊತೆ ಗೆಳೆಯರನ್ನೂ ಬಿಟ್ಟುಬಿಟ್ಟೆ. ವಾಟ್ಸಾಪ್ ಗ್ರೂಪಿನಿಂದ ಹೊರಗೆ ಬಂದೆ, ಫೋನ್ ಎತ್ತಲಿಲ್ಲ, ಸಂಜೆಯಾದರೆ ಬಾಗಿಲು ಹಾಕಿಕೊಂಡು ಟಿವಿ ಮುಂದೆ ಕೂತೆ. ಮೂರು ತಿಂಗಳಲ್ಲಿ ನಾಲ್ಕು ಕೆಜಿ ಜಾಸ್ತಿ ಆದೆ. ಸಂಜೆಯ ಆ ಖಾಲಿ ಹೊತ್ತನ್ನು ಮಿಕ್ಸ್ಚರ್, ಬಾದುಷಾ, ಬೇಕರಿ ಬಿಸ್ಕತ್ತು ತುಂಬಿಕೊಂಡವು. ಕೊನೆಗೆ ಒಂದು ದಿನ ಮಾತಾಡೋಕೆ ಯಾರೂ ಇಲ್ಲ ಅನ್ನಿಸಿ, ಸೀದಾ ಹೋಗಿ ಅದೇ ಟೇಬಲ್ಲಿನಲ್ಲಿ ಕೂತೆ, ಕುಡಿದೆ. ಎರಡನೇ ಸಲ ಗೆಳೆಯರನ್ನು ಉಳಿಸಿಕೊಂಡೆ, ಅವರ ಜೊತೆ ಸೇರುವ ಹೊತ್ತನ್ನೂ ಜಾಗವನ್ನೂ ಬದಲಿಸಿದೆ. ಈ ಸಲ ಬಿಟ್ಟದ್ದು ಬಿಟ್ಟ ಹಾಗೇ ಉಳಿಯಿತು.

ಎಲ್ಲಕ್ಕಿಂತ ಮೊದಲು ಡಾಕ್ಟರ್

ದಿನಾ ಕುಡಿಯುವವರು, ಅದರಲ್ಲೂ ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದೆ, ಸ್ವಲ್ಪ ಹಾಕಿಕೊಂಡರೆ ಸರಿಹೋಗುತ್ತದೆ ಅನ್ನುವವರು, ದಯವಿಟ್ಟು ಇದನ್ನು ಓದಿ ನಾಳೆಯಿಂದಲೇ ಪೂರ್ತಿ ನಿಲ್ಲಿಸಬೇಡಿ. ವರ್ಷಗಟ್ಟಲೆ ಜಾಸ್ತಿ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೇ ಮೂರನೇ ದಿನಕ್ಕೆ ಇಲ್ಲದ್ದು ಕಾಣಿಸುವುದು, ಎಲ್ಲಿದ್ದೇನೆ ಅಂತ ಗೊತ್ತಾಗದಿರುವುದು, ವಿಪರೀತ ಬೆವರು, ಜ್ವರ ಶುರುವಾಗಬಹುದು. ಜೀವಕ್ಕೇ ಅಪಾಯ ಆಗುತ್ತದೆ. ಎಷ್ಟೇ ಗಟ್ಟಿ ಮನಸ್ಸಿನವರಿಗೂ ಇದು ಆಗಬಹುದು. ಡಾಕ್ಟರ್ ಮಾತ್ರೆ ಕೊಟ್ಟು ಕೆಲವು ದಿನಗಳಲ್ಲಿ ಸುರಕ್ಷಿತವಾಗಿ ಬಿಡಿಸುತ್ತಾರೆ, ಜೊತೆಗೆ ವಿಟಮಿನ್ ಬಿ1 ಕೊಡುತ್ತಾರೆ. ಜಿಲ್ಲಾ ಆಸ್ಪತ್ರೆಗೆ ಹೋಗಿ ಮನೋವೈದ್ಯರು ಎಲ್ಲಿ ಸಿಗುತ್ತಾರೆ ಅಂತ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವುದಕ್ಕೇ ಬೇರೆ ವಿಭಾಗ ಇದೆ, ನಮಗೆ 70 ಕಿಲೋಮೀಟರ್ ಅಷ್ಟೇ. ಮುಖ ತೋರಿಸೋಕೆ ಸಂಕೋಚ ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕಟ್ಟಬೇಕಾಗಿಲ್ಲ.

ಮನೆಯವರಿಗೂ ಒಂದು ಮಾತು. ಊಟದಲ್ಲಿ ಗೊತ್ತಾಗದ ಹಾಗೆ ಮಾತ್ರೆ ಬೆರೆಸಿ ಕುಡಿತ ಬಿಡಿಸುತ್ತೇವೆ ಅಂತ ಹೋಗಬೇಡಿ. ಡೈಸಲ್ಫಿರಾಮ್ ಅನ್ನುವ ಮಾತ್ರೆ ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿಯಬಹುದು. ಕುಡಿಯುವವರಿಗೆ ಗೊತ್ತಿದ್ದು, ಅವರು ಒಪ್ಪಿ, ಡಾಕ್ಟರ್ ಬರೆದುಕೊಟ್ಟರೆ ಮಾತ್ರ ಅದು ಔಷಧಿ.

ಶುಗರ್‌ಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ಡಾಕ್ಟರನ್ನು ಕೇಳಿ. ಊಟ ಇಳಿದು ಮಾತ್ರೆ ಇಳಿಯದಿದ್ದರೆ ಶುಗರ್ ತೀರಾ ಕೆಳಗೆ ಹೋಗಬಹುದು.

ಆ ಟೇಬಲ್ಲಿನಲ್ಲಿ ಹೊಟ್ಟೆಗೆ ಹೋಗುವುದು ಎಷ್ಟು

ಕುಡಿತಕ್ಕೂ ತೂಕಕ್ಕೂ ಏನು ಸಂಬಂಧ, ಅದು ನೀರಿನ ಹಾಗೇ ಅಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಲೆಕ್ಕ ಹಾಕಿ ನೋಡಿ. ಒಂದು ಗ್ರಾಂ ಆಲ್ಕೋಹಾಲ್‌ನಲ್ಲಿ 7 ಕ್ಯಾಲೊರಿ. ಸಕ್ಕರೆಯಲ್ಲಿ 4, ಕೊಬ್ಬಿನಲ್ಲಿ 9. ಅಂದರೆ ಅದು ಕೊಬ್ಬಿಗೆ ಹತ್ತಿರ. ಒಂದು ಕ್ವಾರ್ಟರ್ ವಿಸ್ಕಿ, 180 ಎಂಎಲ್, ಸುಮಾರು 425 ಕ್ಯಾಲೊರಿ. ಅದಕ್ಕೆ 300 ಎಂಎಲ್ ಕೋಲಾ ಬೆರೆಸಿದರೆ ಇನ್ನೊಂದು 125. ಮಸಾಲೆ ಕಡಲೆಕಾಯಿ ಒಂದು ಹಿಡಿ ಹಿಡಿ ಅಂತ ಬಾಯಿಗೆ ಹಾಕಿಕೊಳ್ಳುತ್ತಾ 50 ಗ್ರಾಂ ಖಾಲಿ ಆಗಿದ್ದು ಗೊತ್ತೇ ಆಗಲ್ಲ, ಅದು 280. ಇಲ್ಲಿಗೇ 830 ಆಯಿತು. ಇನ್ನೂ ಕಬಾಬ್ ಬಂದಿಲ್ಲ, ಬೋಟಿ ಬಂದಿಲ್ಲ, ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ಬಂದಿಲ್ಲ. ನನ್ನಂಥ ಮೈಯವನು ಒಂದು ಗಂಟೆ ಬಿರುಸಾಗಿ ನಡೆದರೆ 300ರಿಂದ 350 ಕ್ಯಾಲೊರಿ ಕರಗಬಹುದು. ಅಂದರೆ ಊಟಕ್ಕೆ ಮುಂಚೆಯೇ ಎರಡೂವರೆ ಗಂಟೆ ನಡಿಗೆ ಸಾಲ ಆಯಿತು. ಬಿಯರ್ ಹಗುರ ಅನ್ನುವವರಿಗೆ: 650 ಎಂಎಲ್ ಸ್ಟ್ರಾಂಗ್ ಬಾಟಲಿಯಲ್ಲೂ 300 ಸುತ್ತಮುತ್ತ ಇರುತ್ತದೆ, ಮತ್ತು ಯಾರೂ ಒಂದಕ್ಕೆ ನಿಲ್ಲಿಸಲ್ಲ.

ಇನ್ನೊಂದು ವಿಷಯ ಇದೆ. ಆಲ್ಕೋಹಾಲನ್ನು ಕೂಡಿಡೋಕೆ ದೇಹದಲ್ಲಿ ಜಾಗ ಇಲ್ಲ, ಹಾಗಾಗಿ ಲಿವರ್ ಬೇರೆಲ್ಲ ಕೆಲಸ ಪಕ್ಕಕ್ಕಿಟ್ಟು ಮೊದಲು ಅದನ್ನೇ ಸುಡುತ್ತದೆ. ಅಷ್ಟು ಹೊತ್ತು ಕೊಬ್ಬು ಕರಗುವುದು ನಿಧಾನ ಆಗುತ್ತದೆ. ಅದೇ ಹೊತ್ತಿಗೆ ನೀವು ಕಬಾಬ್ ತಿನ್ನುತ್ತಿರುತ್ತೀರಿ. ಹೊಟ್ಟೆ ಮುಂದೆ ಬರುವುದು, ಲಿವರಿನಲ್ಲಿ ಕೊಬ್ಬು ಕೂರುವುದು ಹೀಗೆ.

ಹಾಗಂತ ಕುಡಿತ ಬಿಟ್ಟ ತಕ್ಷಣ ತೂಕ ಇಳಿಯುತ್ತದೆ ಅಂತ ಕಾಯಬೇಡಿ. ಮೊದಲ ಕೆಲವು ವಾರ ಸಿಹಿ ತಿನ್ನಬೇಕು ಅಂತ ಜೀವ ಹಾತೊರೆಯುತ್ತದೆ. ಆಗ ತೂಕದ ಬಗ್ಗೆ ಹಠ ಬೇಡ, ಒಂದು ಬಾಳೆಹಣ್ಣು, ಎರಡು ಖರ್ಜೂರ ತಿನ್ನಿ, ಕುಡಿಯದೆ ಇದ್ದರೆ ಸಾಕು. ಒಂದೇ ದಿನ ಎರಡೂ ಯುದ್ಧ ಶುರು ಮಾಡಿದವರು ಎರಡನ್ನೂ ಸೋಲುವುದನ್ನು ನೋಡಿದ್ದೇನೆ. ನಾನು ಮೊದಲ ಆರು ವಾರ ತಕ್ಕಡಿ ಹತ್ತಲೇ ಇಲ್ಲ.

ಮೊದಲು ಒಬ್ಬನಿಗೆ ಹೇಳಿ

ಗ್ರೂಪಿನಲ್ಲಿ ದೊಡ್ಡದಾಗಿ ಘೋಷಣೆ ಮಾಡಬೇಡಿ. ಹಾಗೆ ಮಾಡಿದರೆ ಅದು ಪಂದ್ಯ ಆಗುತ್ತದೆ, "ಎಷ್ಟು ದಿನ ಅಂತ ನೋಡೋಣ" ಅಂತ ಕಾಯುವವರು ಹುಟ್ಟಿಕೊಳ್ಳುತ್ತಾರೆ. ಗುಂಪಿನಲ್ಲಿ ಯಾರ ಮಾತಿಗೆ ಬೆಲೆ ಇದೆಯೋ, ಯಾರು ನಿಮ್ಮ ಕಷ್ಟಕ್ಕೆ ಬಂದಿದ್ದಾರೋ ಅವರೊಬ್ಬರಿಗೆ ಹೇಳಿ. ಹಗಲು ಹೊತ್ತಿನಲ್ಲಿ ಹೇಳಿ, ಎದುರಿಗೆ ಕೂತು ಹೇಳಿ.

ನಾನು ಹೇಳಿದ್ದು ಲಾರಿ ಇಟ್ಟುಕೊಂಡಿರುವ ಗೆಳೆಯನಿಗೆ. ಅಂತರಸನಹಳ್ಳಿ ಮಾರುಕಟ್ಟೆ ಹತ್ತಿರ ಟೀ ಕುಡಿಯುತ್ತಿದ್ದೆವು. "ನಾನು ಎಣ್ಣೆ ಬಿಟ್ಟಿದ್ದೀನಿ ಕಣೋ. ಲಿವರ್ ರಿಪೋರ್ಟ್ ಚೆನ್ನಾಗಿಲ್ಲ. ನಿಮ್ಮನ್ನ ಬಿಡಲ್ಲ, ಆದ್ರೆ ಸ್ವಲ್ಪ ದಿನ ರಾತ್ರಿ ಹೊತ್ತು ಬರಲ್ಲ. ಯಾರಾದ್ರೂ ಒತ್ತಾಯ ಮಾಡಿದ್ರೆ ನೀನು ನಿಲ್ಲಬೇಕು." ಅವನು ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ರಸ್ತೆ ನೋಡಿದ. ಆಮೇಲೆ, "ನಮ್ಮಪ್ಪಂಗೆ ನಾನು ಇದನ್ನ ಹೇಳಬೇಕಿತ್ತು" ಅಂದ. ಹದಿನೈದು ವರ್ಷದ ಸ್ನೇಹದಲ್ಲಿ ಅವನು ಅಪ್ಪನ ಬಗ್ಗೆ ಮಾತಾಡಿದ್ದು ಅದೇ ಮೊದಲು. ಅಷ್ಟು ವರ್ಷ ವಾರಕ್ಕೊಮ್ಮೆ ಒಟ್ಟಿಗೆ ಕೂತು ಕುಡಿದಿದ್ದೇವೆ.

ಹೇಳುವ ಮಾತು ಚಿಕ್ಕದಾಗಿರಲಿ. "ಇವತ್ತು ಬೇಡ" ಅಂದರೆ ನಾಳೆ ಕೇಳುತ್ತಾರೆ. "ಮಾತ್ರೆ ತಗೋತಿದೀನಿ" ಅಂದರೆ ಯಾವಾಗ ಮುಗಿಯುತ್ತೆ ಅಂತ ಕೇಳುತ್ತಾರೆ. "ಕುಡಿಯಲ್ಲ, ಬಿಟ್ಟಿದೀನಿ" ಅಂದರೆ ಎರಡು ಮೂರು ವಾರ ರೇಗಿಸುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ನಮ್ಮ ಕಡೆ ಇದಕ್ಕೆ ಒಂದು ದಾರಿ ಮೊದಲಿಂದಲೂ ಇದೆ, ಗಮನಿಸಿ. ಅಯ್ಯಪ್ಪನ ಮಾಲೆ ಹಾಕಿದವರಿಗೆ ಯಾರಾದರೂ ಗ್ಲಾಸ್ ಕೊಡುತ್ತಾರಾ? 41 ದಿನ ಅವರನ್ನು "ಸ್ವಾಮಿ" ಅಂತ ಕರೆದು, ಅವರ ಪಕ್ಕ ಬಾಟಲಿ ಇಡೋಕೂ ಹಿಂಜರಿಯುತ್ತಾರೆ. ಶ್ರಾವಣದಲ್ಲಿ ಬಿಟ್ಟವರನ್ನೂ ಯಾರೂ ಕೆಣಕಲ್ಲ. ಯಾಕೆ? ನಿಯಮ ಏನು ಅಂತ ಎಲ್ಲರಿಗೂ ಗೊತ್ತು, ಬಿಟ್ಟವನೂ ಚೌಕಾಸಿಗೆ ಇಳಿಯಲ್ಲ. ಮಾಲೆ ಇಲ್ಲದೆ ಮಾಲೆಯ ಸುಳ್ಳು ಹೇಳಿ ಅಂತ ಹೇಳುತ್ತಿಲ್ಲ. ಅಷ್ಟೇ ನೇರವಾಗಿ ಹೇಳಿ ಅಂತ ಹೇಳುತ್ತಿದ್ದೇನೆ. ನಿಜವಾಗಿ ಮಾಲೆ ಹಾಕಿ ಬಿಟ್ಟವರು ಮಾಲೆ ತೆಗೆಯುವ ದಿನದ ಬಗ್ಗೆ ಮೊದಲೇ ಯೋಚನೆ ಮಾಡಿ. ಹೆಚ್ಚಿನವರು ಜಾರುವುದು ಆ ದಿನ ಸಂಜೆಯೇ.

ಹೇಳಿದ ಮೇಲೂ ಒಬ್ಬಿಬ್ಬರು ದೂರ ಆಗುತ್ತಾರೆ. ನನಗೂ ಆಯಿತು. ಕುಡಿತ ಬಿಟ್ಟರೆ ಮಾತಾಡೋಕೆ ಏನೂ ಉಳಿಯಲ್ಲ ಅನ್ನುವ ಸ್ನೇಹಗಳು ಇರುತ್ತವೆ, ಬೇಜಾರಾಗುತ್ತದೆ, ಅದನ್ನು ತಡೆಯಲು ಆಗಲ್ಲ.

ಹೊತ್ತು ಬದಲಿಸಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಗೆಳೆಯರು ಕರೆದಾಗ ಬರಲ್ಲ ಅಂತ ಹೇಳುವ ಬದಲು, ಅವರಿಗಿಂತ ಮೊದಲು ನೀವೇ ಕರೆಯಿರಿ. ಶುಕ್ರವಾರವೇ ಫೋನ್ ಮಾಡಿ: "ಭಾನುವಾರ ಬೆಳಿಗ್ಗೆ ದೇವರಾಯನದುರ್ಗಕ್ಕೆ ಹೋಗ್ತಿದೀನಿ, ಆರಕ್ಕೆ ನಿಮ್ಮನೆ ಮುಂದೆ ಇರ್ತೀನಿ." ಏನಾದ್ರೂ ಮಾಡೋಣ ಅಂದರೆ ಯಾರೂ ಬರಲ್ಲ. ಜಾಗ, ದಿನ, ಗಂಟೆ ಮೂರೂ ಹೇಳಿ.

ಮೊದಲ ಸಲ ಬಂದಿದ್ದು ಲಾರಿ ಗೆಳೆಯ ಒಬ್ಬನೇ. ಊರಿಂದ 15 ಕಿಲೋಮೀಟರ್, ಆರೂವರೆಗೆ ಬೆಟ್ಟದ ಮೇಲಿದ್ದೆವು. ಭೋಗನರಸಿಂಹ ಸ್ವಾಮಿ ದೇವಸ್ಥಾನದ ಹತ್ತಿರ ಗಾಡಿ ನಿಲ್ಲಿಸಿ, ಮೇಲಿನ ಯೋಗನರಸಿಂಹ ಸ್ವಾಮಿ ಗುಡಿಗೆ ಮೆಟ್ಟಿಲು ಹತ್ತಿದೆವು. ಅವನಿಗೆ ಇಪ್ಪತ್ತು ಮೆಟ್ಟಿಲಿಗೇ ಏದುಸಿರು ಬಂತು, ನನಗೂ. ಇಬ್ಬರೂ ಗೋಡೆಗೆ ಕೈ ಕೊಟ್ಟು ನಿಂತೆವು. ಅವನ ಕೈಯಲ್ಲಿ ಸೌತೆಕಾಯಿ ಇದ್ದ ಕವರ್ ಇತ್ತು, ಅದನ್ನು ಒಂದು ಮರಿ ಹೊತ್ತುಕೊಂಡಿದ್ದ ಕೋತಿ ಬಂದು ಕಿತ್ತುಕೊಂಡು, ಅಲ್ಲೇ ಕೂತು ಒಂದೊಂದೇ ತೆಗೆದು ತಿಂದಿತು. ಮಂಜು ಇತ್ತು, ಕೆಳಗೆ ಕಾಡು ಕಾಣುತ್ತಿರಲಿಲ್ಲ. ಇಳಿಯುವಾಗ ಅವನು ಮಗಳ ಪಿಯುಸಿ ಬಗ್ಗೆ, ಲಾರಿಯ ಕಂತಿನ ಬಗ್ಗೆ ಹೇಳುತ್ತಾ ಹೋದ. ವಾಪಸ್ ಬರುವಾಗ ನಾಮದ ಚಿಲುಮೆಯಲ್ಲಿ ನಿಂತು, ಬಂಡೆಯ ಆ ಪುಟ್ಟ ಕುಳಿಯಲ್ಲಿ ನಿಂತಿರುವ ನೀರನ್ನು ಮಕ್ಕಳ ಹಾಗೆ ಬಗ್ಗಿ ನೋಡಿದೆವು. ಮೂರನೇ ಭಾನುವಾರಕ್ಕೆ ನಾಲ್ಕು ಜನ ಆದೆವು.

ಮುಂದಿನ ಮಾತು ತಿಂಡಿಯದ್ದು, ಯಾಕಂದ್ರೆ ಬೆಟ್ಟ ಇಳಿದ ಮೇಲೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬಿಟ್ಟು ಹೋಗೋಕೆ ಆಗುತ್ತಾ? ಬಿಡಬೇಡಿ. ಒಂದು ತಿನ್ನಿ. ಒಂದು ತಟ್ಟೆ ಇಡ್ಲಿ ಅಂದರೆ ಮಾಮೂಲಿ ಇಡ್ಲಿ ಎರಡು ಮೂರಕ್ಕೆ ಸಮ. ಮೇಲಿನ ಬೆಣ್ಣೆ ಬೇಡ ಅನ್ನಿ, ಹತ್ತು ಗ್ರಾಂ ಬೆಣ್ಣೆಯಲ್ಲೇ 70 ಕ್ಯಾಲೊರಿ ಇರುತ್ತದೆ. ಜೊತೆಗೆ ಬರುವ ವಡೆಯನ್ನು ನಾಲ್ಕು ಜನ ಹಂಚಿಕೊಳ್ಳಿ. ನಾವು ಕಾಫಿ ಬೈಟು ಮಾಡುತ್ತೇವೆ. ಬೆಟ್ಟ ಹತ್ತಿದ್ದೀನಿ, ಮೂರು ತಿಂದರೂ ಆಗುತ್ತೆ ಅನ್ನಿಸುತ್ತದೆ, ಅಲ್ಲಿ ಹುಷಾರು. ನಾಲಿಗೆ ಕೇಳುವಷ್ಟು ಕಾಲು ಕರಗಿಸಿರಲ್ಲ.

ಬೆಟ್ಟ ಆಗದವರಿಗೆ ಅಮಾನಿಕೆರೆ ಇದೆ. ಬೆಳಿಗ್ಗೆ ಆರಕ್ಕೋ ಸಂಜೆ ಐದಕ್ಕೋ ಒಂದು ಸುತ್ತು ಹಾಕಿ. ಮಾತಾಡುತ್ತಾ ನಡೆಯುವಷ್ಟು ವೇಗ ಸಾಕು, ಹಾಡು ಹೇಳೋಕೆ ಆಗುವಷ್ಟು ನಿಧಾನ ಬೇಡ. ಸಿದ್ಧಗಂಗೆಯ ಬೆಟ್ಟದ ಮೆಟ್ಟಿಲು ಇದೆ. ಕೊರಟಗೆರೆ ಕಡೆಯವರಿಗೆ ಸಿದ್ಧರಬೆಟ್ಟ. ಮಧುಗಿರಿಯ ಏಕಶಿಲಾ ಬೆಟ್ಟ ಕಡಿದು, ಮಂಡಿ ನೋವಿದ್ದರೆ, ಬಿಪಿ ಇದ್ದರೆ ಅದನ್ನು ಆರು ತಿಂಗಳ ನಂತರಕ್ಕೆ ಇಟ್ಟುಕೊಳ್ಳಿ. ಶಟಲ್ ಆಡುವ ಗುಂಪು ಪ್ರತಿ ಬಡಾವಣೆಯಲ್ಲೂ ಇರುತ್ತದೆ. ಕ್ರಿಕೆಟ್ ಆಡುವವರು ಜೂನಿಯರ್ ಕಾಲೇಜ್ ಮೈದಾನಕ್ಕೆ ಹೋಗಿ. ಏನೂ ಬೇಡ ಅಂದರೆ ಗೆಳೆಯನ ತೋಟಕ್ಕೆ ಹಗಲು ಹೊತ್ತು ಹೋಗಿ ಎಳನೀರು ಕೆಡವಿಸಿ ಕುಡಿಯಿರಿ, ತೆಂಗಿನ ಜಿಲ್ಲೆಯಲ್ಲಿದ್ದೇವೆ, ಒಂದು ಎಳನೀರಿಗೆ ಐವತ್ತು ಅರವತ್ತು ಕ್ಯಾಲೊರಿ ಅಷ್ಟೇ.

ಬೆಳಗಿನ ಹೊತ್ತಿಗೆ ಇನ್ನೊಂದು ಗುಣ ಇದೆ. ಭಾನುವಾರ ಐದೂವರೆಗೆ ಏಳಬೇಕು ಅಂದರೆ ಶನಿವಾರ ಹತ್ತಕ್ಕೆ ಮಲಗಬೇಕು. ಶನಿವಾರದ ಫೋನಿಗೆ ಉತ್ತರ ತಾನಾಗೇ ಸಿಗುತ್ತದೆ: "ಬೆಳಿಗ್ಗೆ ಬೆಟ್ಟ ಇದೆ ಕಣೋ, ನೀನೂ ಬಾ."

ಟೇಬಲ್ಲಿಗೆ ಹೋಗಲೇಬೇಕಾದಾಗ

ಮೊದಲ ಎರಡು ತಿಂಗಳು ಹೋಗಬೇಡಿ. ಯಾರ ಹುಟ್ಟುಹಬ್ಬ ಆಗಲಿ, ಯಾರ ಹೊಸ ಗಾಡಿ ಆಗಲಿ. ಮರುದಿನ ಅವರ ಮನೆಗೆ ಹೋಗಿ ವಿಶ್ ಮಾಡಿ ಬನ್ನಿ. ಆಮೇಲೂ ಹಸಿವು, ಸಿಟ್ಟು, ಒಂಟಿತನ, ಸುಸ್ತು, ಇವುಗಳಲ್ಲಿ ಎರಡು ಒಟ್ಟಿಗೆ ಇದ್ದ ದಿನ ಹೋಗಬೇಡಿ.

ಹೋಗುವ ದಿನ ಮನೆಯಲ್ಲೇ ಊಟದಂಥದ್ದು ಏನಾದರೂ ತಿಂದುಕೊಂಡು ಹೋಗಿ. ಅರ್ಧ ಮುದ್ದೆ ಮಸ್ಸೊಪ್ಪು, ಅಥವಾ ಎರಡು ಬೇಯಿಸಿದ ಮೊಟ್ಟೆ, ಒಂದು ಲೋಟ ಮಜ್ಜಿಗೆ. ಖಾಲಿ ಹೊಟ್ಟೆಯಲ್ಲಿ ಕೂತರೆ ಕಡಲೆಕಾಯಿ ತಟ್ಟೆಯೂ ನಿಮ್ಮದೇ, ಗ್ಲಾಸಿನ ಮೇಲಿನ ಆಸೆಯೂ ಜಾಸ್ತಿ. ನಿಮ್ಮ ಗಾಡಿಯಲ್ಲೇ ಹೋಗಿ, ಬೇರೆಯವರ ಕಾರಲ್ಲಿ ಹೋದರೆ ಅವರು ಏಳುವವರೆಗೂ ನೀವು ಅಲ್ಲೇ. ಬಾಗಿಲಿಗೆ ಹತ್ತಿರದ ಕುರ್ಚಿ ಹಿಡಿಯಿರಿ. ಗೋಡೆ ಕಡೆಯ ಮೂಲೆಯಲ್ಲಿ ಕೂತರೆ ಏಳೋಕೆ ನಾಲ್ಕು ಜನರನ್ನು ಎಬ್ಬಿಸಬೇಕು, ನಾಲ್ಕು ಜನವೂ "ಇರು ಇನ್ನೂ" ಅನ್ನುತ್ತಾರೆ.

ಕೂತ ತಕ್ಷಣ ಮೊದಲ ಆರ್ಡರ್ ನಿಮ್ಮದಾಗಲಿ. ಸಪ್ಲೈಯರ್ ಬಂದು "ಸರ್, ನಿಮಗೆ?" ಅಂದಾಗ ಒಂದು ಕ್ಷಣ ತಡವರಿಸಿದರೂ ಪಕ್ಕದವನು ನಿಮ್ಮ ಪರವಾಗಿ ಹೇಳಿಬಿಡುತ್ತಾನೆ. "ಲೈಮ್ ಸೋಡಾ, ಉಪ್ಪು ಹಾಕಿ, ಸಕ್ಕರೆ ಬೇಡ." ಗ್ಲಾಸ್ ಯಾವಾಗಲೂ ತುಂಬಿರಲಿ, ಮತ್ತು ನೀವೇ ತುಂಬಿಕೊಳ್ಳಿ. ಎದ್ದು ಹೋಗಿ ಬಂದರೆ ಹಳೇ ಗ್ಲಾಸ್ ಮುಟ್ಟಬೇಡಿ, ಬೇರೆ ತರಿಸಿ. ಆಲ್ಕೋಹಾಲ್ ಇಲ್ಲದ ಬಿಯರ್ ಅಂತ ಸಿಗುತ್ತದೆ, ಹೊಸದಾಗಿ ಬಿಟ್ಟವರಿಗೆ ನಾನು ಬೇಡ ಅಂತೀನಿ. ಕೆಲವದರಲ್ಲಿ ಸ್ವಲ್ಪ ಆಲ್ಕೋಹಾಲ್ ಇದ್ದೇ ಇರುತ್ತದೆ. ಅದಕ್ಕಿಂತ ಜಾಸ್ತಿ ಕೆಲಸ ಕೆಡಿಸುವುದು ಆ ವಾಸನೆ, ಆ ಕಹಿ, ಆ ನೊರೆ.

ಸೈಡ್ಸ್‌ನಲ್ಲಿ ಕರಿದದ್ದು ಬಿಟ್ಟು ಬೆಂದದ್ದು, ಸುಟ್ಟದ್ದು ನೋಡಿ. ಕಾಲು ಸೂಪು, ತಂದೂರಿ, ಬೇಯಿಸಿದ ಮೊಟ್ಟೆಗೆ ಮೆಣಸಿನ ಪುಡಿ, ಸೌತೆಕಾಯಿ ಈರುಳ್ಳಿ. ಕಡಲೆಕಾಯಿ ತಟ್ಟೆ ಕೈಗೆ ಸಿಗದಷ್ಟು ದೂರ ಇಡಿ, ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ನನ್ನ ಮಟ್ಟಿಗೆ ಅರ್ಧ ಡಯಟ್ ಅದೇ.

ಆಸೆ ಬರುತ್ತದೆ. ಎರಡು ವರ್ಷದ ಮೇಲೂ ಬರುತ್ತದೆ. ಒಂದು ಸಲ ಶಿರಾ ಕಡೆ ಹೋಗುವ ಹೈವೇ ಡಾಬಾದಲ್ಲಿ ಕೂತಿದ್ದಾಗ ಪಕ್ಕದವನು ಐಸ್ ಹಾಕಿ ಸುರಿದ ಸದ್ದು ಕೇಳಿಸಿತು. ಅಷ್ಟೇ. ಬಾಯಲ್ಲಿ ನೀರು, ಬೆನ್ನಲ್ಲಿ ಬಿಸಿ. ಆ ಗ್ಲಾಸಿನ ಹೊರಮೈ ಮೇಲೆ ನೀರಿನ ಹನಿ ಇಳಿಯುವುದನ್ನೇ ನೋಡುತ್ತಾ ಕೂತುಬಿಟ್ಟಿದ್ದೆ. ಎದ್ದು ಹೊರಗೆ ಬಂದು ಲಾರಿಗಳು ನಿಂತಿದ್ದ ಕಡೆ ನಡೆದೆ, ಹೆಂಡತಿಗೆ ಫೋನ್ ಮಾಡಿ ಸುಮ್ನೆ ಮಕ್ಕಳು ಊಟ ಮಾಡಿದ್ರಾ ಅಂತ ಕೇಳಿದೆ. ಇಪ್ಪತ್ತು ನಿಮಿಷ ಆಗಿರಬೇಕು, ಇಳಿಯಿತು. ಅದು ಅಲೆಯ ಹಾಗೆ, ಏರುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಷ್ಟು ಹೊತ್ತು ನೀವು ಬೇರೆ ಕಡೆ ಇರಬೇಕು. ಇಳಿಯಲಿಲ್ಲವಾ, ಒಳಗೆ ಹೋಗಬೇಡಿ, ಗಾಡಿ ಹತ್ತಿ ಮನೆಗೆ ಬನ್ನಿ, ಆಮೇಲೆ ಮೆಸೇಜ್ ಹಾಕಿದರೆ ಸಾಕು.

ಒಂಬತ್ತೂವರೆಗೆ ಎದ್ದುಬಿಡಿ. ಎರಡನೇ ರೌಂಡ್ ಆದ ಮೇಲೆ ಮಾತು ಒಂದೇ ಕಡೆ ಸುತ್ತೋಕೆ ಶುರುವಾಗುತ್ತದೆ, ಒತ್ತಾಯವೂ ಆಗಲೇ. ಬಿಲ್ಲಿನ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. ಲೈಮ್ ಸೋಡಾ ಕುಡಿದು ವಿಸ್ಕಿಯ ಪಾಲು ಕೊಟ್ಟು ಬಂದರೆ ಒಳಗೊಳಗೇ ಕುದಿಯುತ್ತದೆ, ಕೊಡದೆ ಬಂದರೆ ಅವರಿಗೆ ಇರಿಸುಮುರಿಸು. ನಾನು ಏಳುವಾಗ ಊಟದ್ದು ನನ್ನ ಪಾಲು ಅಂತ ಟೇಬಲ್ ಮೇಲೆ ಇಟ್ಟು ಬರುತ್ತೇನೆ. ಈಗ ಎಲ್ಲರಿಗೂ ಅಭ್ಯಾಸ ಆಗಿದೆ.

ಕುಡಿಯದವನೇ ಡ್ರೈವರ್ ಅಂತ ಒಂದು ರೂಢಿ ಬೀಳುತ್ತದೆ. ಒಳ್ಳೆಯದೇ. ಕುಡಿದು ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಸಾಕು. ಗೆಳೆಯರನ್ನು ಮನೆ ಮುಟ್ಟಿಸುವುದು ಪುಣ್ಯದ ಕೆಲಸ. ಆದರೆ ಹೊಸದಾಗಿ ಬಿಟ್ಟವರು ಈ ಕೆಲಸ ಒಪ್ಪಿಕೊಳ್ಳಬೇಡಿ, ರಾತ್ರಿ ಒಂದರವರೆಗೆ ಆ ವಾಸನೆಯಲ್ಲಿ ಕಾಯಬೇಕಾಗುತ್ತದೆ.

ಬಾಡೂಟ ಮತ್ತು ಬೀಗರೂಟ

ಬಾರಿಗೆ ಹೋಗದೆ ಇರಬಹುದು, ಬಾಡೂಟಕ್ಕೆ ಹೋಗದೆ ಇರೋಕೆ ಆಗಲ್ಲ. ಯುಗಾದಿ ಮಾರನೇ ದಿನ ವರ್ಷತೊಡಕು, ಊರಹಬ್ಬ, ಬೀಗರೂಟ, ಹರಕೆ. ಶಾಮಿಯಾನದ ಕೆಳಗೆ ಊಟ ನಡೆಯುತ್ತಿರುತ್ತದೆ, ಹಿಂದುಗಡೆ ತೋಟದಲ್ಲೋ ಯಾರದೋ ಕಾರಿನ ಡಿಕ್ಕಿಯಲ್ಲೋ ಇನ್ನೊಂದು ನಡೆಯುತ್ತಿರುತ್ತದೆ. "ಬಾ ಇಲ್ಲಿ ಒಂದ್ನಿಮಿಷ" ಅಂತ ಭುಜಕ್ಕೆ ಕೈ ಹಾಕಿ ಕರೆದುಕೊಂಡು ಹೋಗುವುದು ಅಲ್ಲಿಗೆ.

ಇದಕ್ಕೆ ನಾನು ಕಂಡುಕೊಂಡ ಒಳ್ಳೆಯ ಉಪಾಯ ಬಡಿಸೋಕೆ ನಿಲ್ಲುವುದು. ಹೋದ ತಕ್ಷಣ ಪ್ಯಾಂಟ್ ಮಡಚಿ ಸಾರಿನ ಬಕೆಟ್ ಹಿಡಿಯಿರಿ. ಕೈಯಲ್ಲಿ ಬಕೆಟ್ ಇದ್ದವನಿಗೆ ಯಾರೂ ಗ್ಲಾಸ್ ಕೊಡಲ್ಲ. ಎಲ್ಲರನ್ನೂ ಮಾತಾಡಿಸಿದ ಹಾಗೆ ಆಗುತ್ತದೆ, ಮನೆಯವರಿಗೆ ಖುಷಿ, ಮೂರು ಪಂಕ್ತಿ ಬಡಿಸುವಷ್ಟರಲ್ಲಿ ಮೈಯೂ ಬೆವರುತ್ತದೆ. ವರ್ಷತೊಡಕಿನ ದಿನ ಗುಬ್ಬಿ ಹತ್ತಿರದ ಗೆಳೆಯನ ಊರಲ್ಲಿ ಹೀಗೆ ಬಡಿಸಿದ ಮೇಲೆ ಅವರ ಅಮ್ಮ ನನ್ನನ್ನು ಅಡುಗೆಮನೆಯಲ್ಲೇ ಕೂರಿಸಿ ಎಲೆ ಹಾಕಿದರು, "ನೀನು ನಿಧಾನಕ್ಕೆ ತಿನ್ನಪ್ಪ" ಅಂತ.

ತಿನ್ನುವ ಬಗ್ಗೆ ಜಾಸ್ತಿ ಕಟ್ಟುಪಾಡು ಬೇಡ. ಮುದ್ದೆ ಒಂದು, ನಾಟಿ ಕೋಳಿ ಸಾರು, ಪೀಸು ಸರಿಯಾಗಿ ಹಾಕಿಸಿಕೊಳ್ಳಿ, ಮಾಂಸ ಹೊಟ್ಟೆ ತುಂಬಿಸುತ್ತದೆ. ಸಾರಿನ ಮೇಲೆ ತೇಲುವ ಎಣ್ಣೆ ಪಕ್ಕಕ್ಕೆ ಸರಿಸಿ. ಮುದ್ದೆ ಆದ ಮೇಲೆ ಅನ್ನ, ಬಿರಿಯಾನಿ ಎರಡರಲ್ಲಿ ಒಂದು, ಅದೂ ಒಂದು ಸೌಟು. ಬೇಡ ಅಂತ ಎಲೆ ಮೇಲೆ ಕೈ ಅಡ್ಡ ಹಿಡಿದರೆ ಕೈ ಸರಿಸಿ ಹಾಕುತ್ತಾರೆ, ಎಲ್ಲರಿಗೂ ಗೊತ್ತಿರುವುದೇ. ಅದರ ಬದಲು ಎಲೆಯಲ್ಲಿ ಸ್ವಲ್ಪ ಉಳಿಸಿಕೊಂಡೇ ತಿನ್ನುತ್ತಿರಿ, ಖಾಲಿ ಎಲೆ ಕಂಡರೆ ಮಾತ್ರ ಬಕೆಟ್ ಓಡಿ ಬರುವುದು. "ಅಕ್ಕ, ಸಾರು ಚೆನ್ನಾಗಿದೆ, ಇನ್ನೊಂದು ಪೀಸ್ ಹಾಕಿ, ಅನ್ನ ಬೇಡ" ಅಂತ ಕೇಳಿ ಹಾಕಿಸಿಕೊಂಡರೆ ಯಾರಿಗೂ ಬೇಜಾರಿಲ್ಲ. ಕೇಳಿ ತಿಂದವನನ್ನು ಡಯಟ್ ಮಾಡ್ತಿದಾನೆ ಅಂತ ಯಾರು ಅಂತಾರೆ?

ಬೇಕರಿ ಮುಂದೆ

ಕುಡಿಯದ ಗೆಳೆಯರು ಸೇರುವುದು ಬೇಕರಿ ಮುಂದೆ. ಅಲ್ಲಿನ ಅಪಾಯ ಬೇರೆ. ದಿನಕ್ಕೆ ನಾಲ್ಕು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಅಂದರೆ ಅಲ್ಲಿಗೇ 30ರಿಂದ 40 ಗ್ರಾಂ ಆಯಿತು. ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಟೀ ಬೈಟು ಮಾಡಿ, ಸಕ್ಕರೆ ಕಡಿಮೆ ಹೇಳಿ, ಪಫ್ಸ್ ಮತ್ತು ಬೆಣ್ಣೆ ಬಿಸ್ಕತ್ತಿನ ಗಾಜಿನ ಡಬ್ಬಿಗೆ ಬೆನ್ನು ಹಾಕಿ ನಿಲ್ಲಿ. ಹೆಣ್ಣುಮಕ್ಕಳ ಗುಂಪಿನಲ್ಲೂ ಹೆಚ್ಚುಕಡಿಮೆ ಇದೇ ಕಥೆ, ಕೇಕು, ಚಾಟ್ಸು, "ಒಂದೇ ಒಂದು ತಿನ್ನೇ" ಅನ್ನುವ ಮಾತು. ಅಲ್ಲೂ ಒಬ್ಬಳಿಗೆ ಮೊದಲೇ ಹೇಳಿಟ್ಟುಕೊಳ್ಳುವುದು, ಕೂರುವ ಜಾಗದ ಬದಲು ನಡೆಯುವ ಜಾಗ ಆರಿಸುವುದು ಕೆಲಸಕ್ಕೆ ಬರುತ್ತದೆ.

ತಕ್ಕಡಿ ವಾರಕ್ಕೊಮ್ಮೆ ಸಾಕು, ಅದೇ ದಿನ, ಅದೇ ಹೊತ್ತು, ತಿಂಡಿಗೆ ಮುಂಚೆ. ವಾರಕ್ಕೆ ಅರ್ಧ ಕೆಜಿ ಇಳಿದರೆ ಚೆನ್ನಾಗಿದೆ ಅಂತ ಅರ್ಥ. ಟೇಪು ಹಿಡಿದು ಹೊಟ್ಟೆ ಸುತ್ತಳತೆಯನ್ನೂ ನೋಡಿ, ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು ಅಂತಾರೆ.

ಜಾರಿದರೆ

ಒಂದು ರಾತ್ರಿ ಕುಡಿದುಬಿಟ್ಟಿರಿ ಅಂದುಕೊಳ್ಳಿ. ಆಗ ಮನಸ್ಸು ಹೇಳುವುದು ಒಂದೇ, "ಹೋಯ್ತಲ್ಲ, ಇನ್ನೇನು, ಸೋಮವಾರದಿಂದ ನೋಡೋಣ." ಆ ಸೋಮವಾರ ಬರಲ್ಲ. ಬೆಳಿಗ್ಗೆ ಎದ್ದ ತಕ್ಷಣ, ಮುಖ ತೊಳೆಯುವ ಮೊದಲೇ, ಯಾರಿಗೆ ಮೊದಲು ಹೇಳಿದ್ದಿರೋ ಅವರಿಗೆ ಫೋನ್ ಮಾಡಿ ನಿಜ ಹೇಳಿ. ಬಚ್ಚಿಟ್ಟ ಒಂದು ರಾತ್ರಿ ಎರಡಾಗುತ್ತದೆ, ಆಮೇಲೆ ವಾರ ಆಗುತ್ತದೆ. ಅವತ್ತೇ ನಡಿಗೆಗೆ ಹೋಗಿ, ತಲೆ ನೋಯುತ್ತಿದ್ದರೂ ನಿಧಾನಕ್ಕೆ ಒಂದು ಸುತ್ತು. ಎಲ್ಲಿ ಜಾರಿತು ಅಂತ ಯೋಚನೆ ಮಾಡಿ: ಖಾಲಿ ಹೊಟ್ಟೆಯಾ, ಜಗಳ ಆಗಿತ್ತಾ, ಯಾರ ಕಾರಲ್ಲಿ ಹೋಗಿದ್ದಿರಿ? ಮತ್ತೆ ಮತ್ತೆ ಆಗುತ್ತಿದ್ದರೆ ಅದು ಒಬ್ಬರ ಕೈಲಿ ಆಗುವ ಕೆಲಸ ಅಲ್ಲ, ಕುಡಿತ ಬಿಡಲು ಹೊರಟವರೇ ಸೇರಿ ನಡೆಸುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಹೋಗಿ. ಅಲ್ಲಿ ಹೆಸರು ಹೊರಗೆ ಹೋಗಲ್ಲ, ಫೀಸ್ ಇಲ್ಲ, ಕುಡಿತ ಬಿಡಬೇಕು ಅನ್ನುವ ಆಸೆ ಒಂದಿದ್ದರೆ ಕೂರಿಸಿಕೊಳ್ಳುತ್ತಾರೆ. ಡಾಕ್ಟರನ್ನೂ ಬಿಡಬೇಡಿ.

ನಮ್ಮ ಗುಂಪಿನಲ್ಲಿ ಈಗಲೂ ಆರು ಜನ ಕುಡಿಯುತ್ತಾರೆ. ಲಾರಿ ಗೆಳೆಯ ಕಡಿಮೆ ಮಾಡಿದ್ದಾನೆ, ಬಿಟ್ಟಿಲ್ಲ. ನಾನು ಬಿಡು ಅಂತ ಒಂದು ಸಲವೂ ಹೇಳಿಲ್ಲ, ನೀವೂ ಹೇಳೋಕೆ ಹೋಗಬೇಡಿ, ಉಪದೇಶ ಶುರುವಾದರೆ ಸ್ನೇಹ ನಿಲ್ಲಲ್ಲ. ಭಾನುವಾರ ಅವನ ಮನೆ ಮುಂದೆ ಹಾರ್ನ್ ಮಾಡುತ್ತೇನೆ, ಕೆಲವು ಸಲ ಕಣ್ಣು ಕೆಂಪಗಿರುತ್ತದೆ, ಆದರೂ ಬರುತ್ತಾನೆ.

ಇವತ್ತು ಶನಿವಾರ ಆಗಿದ್ದರೆ ಏಳೂವರೆಯವರೆಗೆ ಕಾಯಬೇಡಿ. ಈಗಲೇ ಒಬ್ಬ ಗೆಳೆಯನಿಗೆ ಮೆಸೇಜ್ ಹಾಕಿ, "ನಾಳೆ ಆರಕ್ಕೆ ಅಮಾನಿಕೆರೆ ಹತ್ತಿರ ಸಿಗು, ಆಮೇಲೆ ಇಡ್ಲಿ ನಂದು" ಅಂತ. ಎಂಟೊಳಗೆ ಊಟ ಮುಗಿಸಿ, ಶೂ ಬಾಗಿಲ ಹತ್ತಿರ ತೆಗೆದಿಟ್ಟು, ಐದೂವರೆಗೆ ಅಲಾರಂ ಇಟ್ಟು ಮಲಗಿ.